17 ವರ್ಷದ ಹುಡುಗಿಗೆ ಸೆರೆಬ್ರಲ್ ಪಾಲ್ಸಿ: ಸರಿಯಾದ ಮಾಹಿತಿ ಮತ್ತು ನೆರವು ಎಲ್ಲಿ ಸಿಗುತ್ತದೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಬ್ಬ ಸೋದರಮಾವ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಈಗ 17 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ ಇದೆ. ಎರಡೂ ಕಾಲುಗಳು ಬಿಗಿದುಕೊಂಡಿರುತ್ತವೆ, ಬಲಗೈಯಲ್ಲಿ ಹಿಡಿತ ಕಡಿಮೆ, ಮಾತು ನಿಧಾನ ಮತ್ತು ಅಸ್ಪಷ್ಟ. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತದೆ, ಮನೆಯವರಿಗೆ ಅವಳ ಮಾತೂ ಅರ್ಥವಾಗುತ್ತದೆ. ಆದರೆ ಓದು ಮತ್ತು ಲೆಕ್ಕ ವಯಸ್ಸಿಗೆ ತಕ್ಕಷ್ಟು ಬಂದಿಲ್ಲ. ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಪ್ರೌಢಶಾಲೆ ಪಕ್ಕದ ಊರಿನಲ್ಲಿರುವುದರಿಂದ, ದಿನವೂ ಎತ್ತಿಕೊಂಡು ಹೋಗಿ ಕರೆತರುವವರಿಲ್ಲದೆ ಅವಳ ಶಾಲೆ ಅಲ್ಲಿಗೇ ನಿಂತಿತು.

ಅವಳ ಬಳಿ ಹಲವು ವರ್ಷಗಳ ಹಿಂದೆ ಶಿಬಿರವೊಂದರಲ್ಲಿ ಕೊಟ್ಟ ಹಳೆಯ ಗುರುತಿನ ಪುಸ್ತಕವಿದೆ. ಅದರಲ್ಲಿ ಕಾಲಿನ ತೊಂದರೆ ಮಾತ್ರ ದಾಖಲಾಗಿದ್ದು, ಶೇ 45 ಎಂದು ಬರೆದಿದ್ದಾರೆ. ಆ ಪುಸ್ತಕ ಈಗ ನಡೆಯುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ, ಅದೇ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಮಾಸಾಶನ ಮಾಡಿಸಿಕೊಡುತ್ತೇನೆಂದು ಮಧ್ಯವರ್ತಿಯೊಬ್ಬ ಅಕ್ಕನಿಂದ ಹಣ ಕೇಳಿದ್ದಾನೆ. 18 ತುಂಬಿದ ಮೇಲೆ ಕೋರ್ಟಿಗೆ ಹೋಗಿ ಪಾಲಕತ್ವ ಪಡೆಯದಿದ್ದರೆ ಬ್ಯಾಂಕ್ ಖಾತೆ ನಡೆಸಲು ಬಿಡುವುದಿಲ್ಲ ಎಂಬ ಮಾತೂ ಕಿವಿಗೆ ಬಿದ್ದಿದೆ. ಭಾವ ಇಲ್ಲ, ಅಕ್ಕ ಕೂಲಿ ಮಾಡುತ್ತಾಳೆ ಮತ್ತು ಮಗಳನ್ನು ಬಿಟ್ಟು ದೂರದ ಊರಿಗೆ ಹೋಗಲಾರಳು.

ನನ್ನ ಕೋರಿಕೆ ಇಷ್ಟೇ. ಇಂಥ ಕುಟುಂಬ ಮೊದಲು ಯಾರ ಬಳಿ ಹೋಗಬೇಕು, ಯಾವುದರ ನಂತರ ಯಾವುದು ಮಾಡಬೇಕು, ಯಾವ ಮಾತನ್ನು ನಂಬಬೇಕು? ಯೋಜನೆಗಳ ಉದ್ದನೆಯ ಪಟ್ಟಿಗಳನ್ನು ಬಹಳ ಓದಿದ್ದೇನೆ. ಆ ಪಟ್ಟಿಗೂ ನಮ್ಮ ಮನೆಗೂ ನಡುವೆ ಇರುವ ದಾರಿ ಮಾತ್ರ ಕಾಣಿಸುತ್ತಿಲ್ಲ.

ಉತ್ತರ 1: ಗ್ರಾಮ ಪಂಚಾಯಿತಿಯೊಂದರ ಪುನರ್ವಸತಿ ಕಾರ್ಯಕರ್ತ

ನಾನು ಬೇರೆ ಜಿಲ್ಲೆಯವನು. ನಮ್ಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿದ್ದೇನೆ. ಜನರ ಬಾಯಲ್ಲಿ ಇದು ವಿ.ಆರ್.ಡಬ್ಲ್ಯೂ. ಕರ್ನಾಟಕದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಮ್ಮಂಥವರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಎಂ.ಆರ್.ಡಬ್ಲ್ಯೂ ಅವರನ್ನು ನೇಮಿಸಿಕೊಂಡಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಊರಿನ ವಿಕಲಚೇತನರನ್ನು ಗುರುತಿಸಿ ಪಟ್ಟಿ ಮಾಡುವುದು, ಅರ್ಜಿ ತುಂಬಲು ನೆರವಾಗುವುದು, ಕಚೇರಿಗೂ ಮನೆಗೂ ನಡುವೆ ಓಡಾಡುವುದು ನಮ್ಮ ಕೆಲಸ. ಇದಕ್ಕೆ ಯಾರೂ ಹಣ ಕೊಡಬೇಕಾಗಿಲ್ಲ. ಆದ್ದರಿಂದ ನಿಮ್ಮ ಅಕ್ಕನ ಮೊದಲ ಬಾಗಿಲು ಗ್ರಾಮ ಪಂಚಾಯಿತಿ ಕಚೇರಿಯೇ. ಅಲ್ಲಿ ನಿಮ್ಮ ವಿ.ಆರ್.ಡಬ್ಲ್ಯೂ ಯಾರೆಂದು ಕೇಳಿ, ಅವರನ್ನು ಮನೆಗೆ ಬರಲು ಹೇಳಿ. ಹುದ್ದೆ ಖಾಲಿಯಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ಎಂ.ಆರ್.ಡಬ್ಲ್ಯೂ ಅವರನ್ನು, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಕೇಂದ್ರದಲ್ಲಿರುವ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡನೆಯ ವಿಷಯ ಪ್ರಮಾಣಪತ್ರ. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ಹಳೆಯ ಪುಸ್ತಕದ ಜಾಗಕ್ಕೆ ಈಗ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್ ಬಂದಿದೆ. ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ನಂತರ ಆಸ್ಪತ್ರೆಯಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ತಪಾಸಣೆ ನಡೆಯುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು, ಹಳೆಯ ಪುಸ್ತಕದಲ್ಲಿ ಕಾಲು ಮಾತ್ರ ದಾಖಲಾಗಿದೆ ಎಂಬ ಮಾತು. ಹುಡುಗಿಗೆ ಕಲಿಕೆಯಲ್ಲಿಯೂ ಮಾತಿನಲ್ಲಿಯೂ ತೊಂದರೆ ಇದೆಯೆಂದು ನೀವೇ ಬರೆದಿದ್ದೀರಿ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ 7 ಮಾತ್ರ ಇದ್ದವು. ಒಬ್ಬರಲ್ಲಿ ಒಂದಕ್ಕಿಂತ ಹೆಚ್ಚು ವಿಕಲತೆ ಇದ್ದರೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆದು ನಂತರ ಸೇರಿಸುತ್ತಾರೆ.

ಸೇರಿಸುವ ವಿಧಾನ ಸಾದಾ ಕೂಡಿಕೆಯಲ್ಲ. ಹೆಚ್ಚಿನ ಶೇಕಡಾವಾರನ್ನು ಹಾಗೆಯೇ ಇಟ್ಟುಕೊಂಡು, ಅದನ್ನು 90ರಿಂದ ಕಳೆದು, ಉಳಿದಿದ್ದನ್ನು ಕಡಿಮೆಯ ಶೇಕಡಾವಾರಿನಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಹೆಚ್ಚಿನದಕ್ಕೆ ಕೂಡಿಸುತ್ತಾರೆ. ಚಲನೆಯ ವಿಕಲತೆ ಶೇ 60 ಮತ್ತು ಬೌದ್ಧಿಕ ವಿಕಲತೆ ಶೇ 50 ಎಂದು ಇಟ್ಟುಕೊಳ್ಳಿ. 90ರಲ್ಲಿ 60 ಕಳೆದರೆ 30. 30ನ್ನು 50ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 17. ಒಟ್ಟು ಸುಮಾರು ಶೇ 77. ನಮ್ಮ ರಾಜ್ಯದ ಅಂಗವಿಕಲರ ಮಾಸಾಶನದ ಮೊತ್ತ ಶೇ 40ರಿಂದ ಒಂದು ಹಂತ, ಶೇ 75ರಿಂದ ಇನ್ನೊಂದು ಹಂತ ಎಂದು ಬದಲಾಗುತ್ತದೆ. ಆದ್ದರಿಂದ ಕಾಲನ್ನು ಮಾತ್ರ ಅಳೆದು ಕಳುಹಿಸಿದ ಮಗುವಿಗೆ ತಿಂಗಳು ತಿಂಗಳೂ ನಷ್ಟವಾಗುತ್ತಲೇ ಇರುತ್ತದೆ. ಶೇಕಡಾವಾರನ್ನು ಹೆಚ್ಚಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇರುವ ತೊಂದರೆಗಳೆಲ್ಲ ದಾಖಲಾಗಲಿ ಎನ್ನುತ್ತಿದ್ದೇನೆ. ಮಂಡಳಿಯ ಮುಂದೆ ಹೋಗುವ ದಿನ ಮೂಳೆ ಅಥವಾ ನರರೋಗ ತಜ್ಞರ ತಪಾಸಣೆಯ ಜೊತೆಗೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮಟ್ಟದ ಹಾಗೂ ಸಾಮಾಜಿಕ ಪ್ರಬುದ್ಧತೆಯ ಪರೀಕ್ಷೆಯನ್ನೂ, ವಾಕ್ ತಪಾಸಣೆಯನ್ನೂ ಮಾಡಿಸಬೇಕೆಂದು ಬಾಯಿಬಿಟ್ಟು ಕೇಳಿ. ಹುಟ್ಟಿದಾಗಿನ ಆಸ್ಪತ್ರೆಯ ಚೀಟಿ, ಹಳೆಯ ಸ್ಕ್ಯಾನ್, ಶಾಲೆಯ ಅಂಕಪಟ್ಟಿ ಏನಿದ್ದರೂ ಜೊತೆಗಿರಲಿ.

ಮಕ್ಕಳಿಗೆ ಕೊಡುವ ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು 18 ವರ್ಷಕ್ಕೆ ಮತ್ತೆ ನವೀಕರಿಸಬೇಕಾಗುತ್ತದೆ. ಕಾರ್ಡ್ ಕೈಗೆ ಬಂದಾಗ ಹೆಸರು, ವಿಕಲತೆಯ ಬಗೆ, ಶೇಕಡಾವಾರು ಮತ್ತು ಅವಧಿ ಈ ನಾಲ್ಕನ್ನೂ ಅಲ್ಲಿಯೇ ಓದಿ ನೋಡಿ.

ಮಾಸಾಶನದ ಅರ್ಜಿ ನಾಡಕಚೇರಿಗೆ. ಅಲ್ಲಿ ಸಕಾಲ (ಸರ್ಕಾರಿ ಸೇವೆ ನಿಗದಿತ ಸಮಯದಲ್ಲಿ ಸಿಗಬೇಕೆನ್ನುವ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಪತ್ರ ಪಡೆಯದೆ ಹೊರಗೆ ಬರಬೇಡಿ. ಅರ್ಜಿಯನ್ನು ಬಾಯಿಮಾತಿನಲ್ಲಿ ತಳ್ಳಿಹಾಕಿದರೆ, ಕಾರಣ ತಿಳಿಸಿ ಹಿಂಬರಹ ಕೊಡಿ ಎಂದು ಲಿಖಿತವಾಗಿ ಕೇಳಿ. ನನ್ನ ಅನುಭವದಲ್ಲಿ ಹಿಂಬರಹ ಕೇಳಿದ ಕೂಡಲೇ ಅನೇಕ ಅರ್ಜಿಗಳು ಮುಂದಕ್ಕೆ ಚಲಿಸಿವೆ. ಇನ್ನೊಂದು ಮಾತು: ಗ್ರಾಮ ಪಂಚಾಯಿತಿ ಶೇ 5ರಷ್ಟು ಅನುದಾನವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಮನೆಯ ಶೌಚಾಲಯಕ್ಕೆ ಹಿಡಿಕೆ, ಬಾಗಿಲಿಗೆ ಇಳಿಜಾರು ಬೇಕಿದ್ದರೆ ಗ್ರಾಮಸಭೆಗೆ ಮೊದಲೇ ಅರ್ಜಿ ಕೊಟ್ಟು, ಅದು ನಡಾವಳಿಯಲ್ಲಿ ಸೇರುವಂತೆ ನೋಡಿಕೊಳ್ಳಿ.

ಉತ್ತರ 2: ದಾವಣಗೆರೆಯ ಒಬ್ಬ ತಾಯಿ

ನನ್ನ ಮಗನಿಗೆ ಈಗ 24 ವರ್ಷ, ಅವನಿಗೂ ಸೆರೆಬ್ರಲ್ ಪಾಲ್ಸಿ ಮತ್ತು ಬೌದ್ಧಿಕ ವಿಕಲತೆ ಎರಡೂ ಇವೆ. ಮೇಲಿನವರು ಕಾಗದದ ದಾರಿಯನ್ನು ಚೆನ್ನಾಗಿ ತಿಳಿಸಿದ್ದಾರೆ. ನಾನು ಮೊದಲು ದೇಹದ ಬಗ್ಗೆ ಹೇಳುತ್ತೇನೆ, ಏಕೆಂದರೆ ಕಚೇರಿಗಳ ಓಡಾಟದಲ್ಲಿ ಮನೆಯವರು ಇದನ್ನೇ ಮುಂದೂಡುತ್ತಾರೆ. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿಗೆ ಆದ ಹಾನಿ ವರ್ಷ ಕಳೆದಂತೆ ಹೆಚ್ಚುವುದಿಲ್ಲ. ಆದರೆ ಮೂಳೆ ಬೆಳೆಯುವಷ್ಟು ವೇಗದಲ್ಲಿ ಬಿಗಿದ ಸ್ನಾಯು ಬೆಳೆಯದಿರುವುದರಿಂದ, ಹದಿಹರೆಯದಲ್ಲಿ ಮಂಡಿ, ಸೊಂಟ, ಹಿಮ್ಮಡಿಗಳು ಬಾಗಿದಲ್ಲಿಯೇ ಗಟ್ಟಿಯಾಗುತ್ತವೆ. ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಮಕ್ಕಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಅದರ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿರುವ, ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ನೆರವಾಗುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ವಯಸ್ಸು ದಾಟುವ ಮೊದಲೇ ಒಮ್ಮೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿ.

ನಿಮ್ಮ ಜಿಲ್ಲೆಗೆ ಹತ್ತಿರದಲ್ಲಿಯೇ, ನಮ್ಮ ದಾವಣಗೆರೆಯಲ್ಲಿ, ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಜನ ಇದನ್ನು ಸಿಆರ್‌ಸಿ ಎನ್ನುತ್ತಾರೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆ, ಮನಶ್ಶಾಸ್ತ್ರಜ್ಞರ ತಪಾಸಣೆ, ವಿಶೇಷ ಶಿಕ್ಷಣದ ಸಲಹೆ ಇವೆಲ್ಲ ಒಂದೇ ಸೂರಿನಡಿ ಸಿಗುವುದರಿಂದ, ಮಗಳನ್ನು ಎತ್ತಿಕೊಂಡು ಊರೂರು ಅಲೆಯುವುದು ತಪ್ಪುತ್ತದೆ. ಪ್ರತಿ ವಾರ ಬರಲು ನಿಮ್ಮ ಅಕ್ಕನಿಗೆ ಆಗದು. ಅದಕ್ಕಾಗಿ ಕೊರಗುವುದು ಬೇಡ. ಮನೆಯಲ್ಲಿ ದಿನವೂ ಮಾಡಿಸಬಹುದಾದ ವ್ಯಾಯಾಮಗಳನ್ನು ಕಲಿಸಿಕೊಡಿ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಗಾಲಿಕುರ್ಚಿಯ ವಿಷಯದಲ್ಲಿಯೂ ಎಚ್ಚರವಿರಲಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ, ಆದಾಯ ಮಿತಿಯೊಳಗಿರುವವರಿಗೆ ಸಾಧನಗಳು ಉಚಿತವಾಗಿ ಸಿಗುತ್ತವೆ. ಕಾನ್ಪುರದ ಅಲಿಮ್ಕೊ ಸಂಸ್ಥೆ ಅವನ್ನು ತಯಾರಿಸಿ ಶಿಬಿರಗಳ ಮೂಲಕ ಕೊಡುತ್ತದೆ. ಬೆನ್ನು ನೆಟ್ಟಗೆ ನಿಲ್ಲದ ಮಗುವಿಗೆ ಸಾಮಾನ್ಯ ಗಾಲಿಕುರ್ಚಿ ಕೊಟ್ಟರೆ ಬೆನ್ನು ಇನ್ನಷ್ಟು ಬಾಗುತ್ತದೆ. ಸೆರೆಬ್ರಲ್ ಪಾಲ್ಸಿಯವರಿಗೆಂದೇ ಮಾಡಿದ ಆಸರೆಯ ಕುರ್ಚಿ ಬೇಕೇ ಎಂಬುದನ್ನು ಫಿಸಿಯೋಥೆರಪಿಸ್ಟ್ ಅಳತೆ ನೋಡಿ ಹೇಳಲಿ.

ಇನ್ನು 18 ವರ್ಷದ ಪ್ರಶ್ನೆ. ಕೋರ್ಟಿಗೆ ಹೋಗಲೇಬೇಕು ಎಂಬುದು ಸರಿಯಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಅಧಿನಿಯಮ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸುತ್ತದೆ. ಆ ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿಯೂ ಒಬ್ಬ ವಿಕಲಚೇತನ ವ್ಯಕ್ತಿಯೂ ಇರಬೇಕು. ತಾಯಿಯಾಗಲಿ, ಒಡಹುಟ್ಟಿದವರಾಗಲಿ, ಬಂಧುವಾಗಲಿ ಅರ್ಜಿ ಹಾಕಬಹುದು. ನೇಮಕವಾದ ಪಾಲಕರು 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ವಿವರವನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೇಲೆ 3 ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ಈ ಸಮಿತಿ ಕೊಟ್ಟ ಪಾಲಕತ್ವ ಪ್ರಮಾಣಪತ್ರವನ್ನು ಬ್ಯಾಂಕುಗಳು ಮಾನ್ಯ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಕೂಡ ಸೂಚಿಸಿದೆ. ನಾವು ಅರ್ಜಿ ಹಾಕಿದಾಗ ಕಚೇರಿಯೊಂದರಲ್ಲಿ ಇಂಥ ಸಮಿತಿ ಇದೆಯೆಂಬುದೇ ಮುಂದೆ ಕುಳಿತವರಿಗೆ ತಿಳಿದಿರಲಿಲ್ಲ. ಹಾಗಾದರೆ ಧೃತಿಗೆಡದೆ ಅಂಗವಿಕಲರ ಕಲ್ಯಾಣಾಧಿಕಾರಿಗಳನ್ನೇ ಕೇಳಿ.

ಅದೇ ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ಆರೋಗ್ಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ದಾಖಲಾಗದೆ ಪಡೆದ ಥೆರಪಿಯ ಖರ್ಚನ್ನೂ ತನ್ನ ಮಿತಿಗಳೊಳಗೆ ಭರಿಸುತ್ತದೆ. ಸಾಮಾನ್ಯ ವಿಮೆಗಳಲ್ಲಿ ನಮಗೆ ಸಿಗದಿದ್ದುದು ಇದೇ. ಬಿಲ್ಲುಗಳನ್ನು ಜೋಪಾನವಾಗಿಡಿ, ವರ್ಷವರ್ಷವೂ ನವೀಕರಿಸುವುದನ್ನು ಮರೆಯಬೇಡಿ.

ನಿಮ್ಮ ಅಕ್ಕನ ಬಗ್ಗೆಯೂ ಒಂದು ಮಾತು. ಒಬ್ಬಳೇ ಹೊತ್ತ ತಾಯಿಯ ಬಳಲಿಕೆ ಏನೆಂದು ನನಗೆ ಗೊತ್ತು. ಪೋಷಕರ ಸಂಘಗಳು ಹಲವು ಜಿಲ್ಲೆಗಳಲ್ಲಿವೆ, ಅವುಗಳ ರಾಷ್ಟ್ರಮಟ್ಟದ ಒಕ್ಕೂಟವಾದ ಪರಿವಾರ್ ಬೆಂಗಳೂರಿನಲ್ಲಿದೆ. ಇನ್ನೊಬ್ಬ ತಾಯಿಯೊಡನೆ ಮಾತಾಡಿದಾಗ ಸಿಗುವ ಧೈರ್ಯ ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ. ರಾತ್ರಿ ಹೊತ್ತು ಮನಸ್ಸು ತೀರ ಕುಸಿದಾಗ 14416ಕ್ಕೆ ಕರೆ ಮಾಡಬಹುದು. ಇದು ಟೆಲಿ ಮಾನಸ್ ಸಹಾಯವಾಣಿ. ಉಚಿತ, ಇಡೀ ದಿನ ಲಭ್ಯ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಉತ್ತರ 3: ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ಸೆರೆಬ್ರಲ್ ಪಾಲ್ಸಿ ಇರುವ ಒಬ್ಬರು

ತಾಯಿಯವರು ಬರೆದುದನ್ನು ಗೌರವದಿಂದ ಓದಿದೆ. ಪಾಲಕತ್ವದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ನಿಮ್ಮ ಪ್ರಶ್ನೆಯಲ್ಲಿ ಹುಡುಗಿಯ ಕಾಲು, ಕೈ, ಮಾತು, ಓದು ಎಲ್ಲದರ ವಿವರವಿದೆ, ಅವಳಿಗೆ ಏನು ಬೇಕು ಎಂಬುದು ಮಾತ್ರ ಇಲ್ಲ. ಹೇಳಿದ್ದು ಅವಳಿಗೆ ಅರ್ಥವಾಗುತ್ತದೆ ಎನ್ನುತ್ತೀರಿ. ಹಾಗಿದ್ದ ಮೇಲೆ ಅವಳನ್ನು ಕೂರಿಸಿಕೊಂಡು, ಅವಳ ನಿಧಾನಕ್ಕೆ ತಕ್ಕಷ್ಟು ಸಮಯ ಕೊಟ್ಟು, ಶಾಲೆಗೆ ಮತ್ತೆ ಹೋಗುವ ಇಷ್ಟವಿದೆಯೇ, ಏನಾದರೂ ಕೆಲಸ ಕಲಿಯುವ ಆಸೆಯಿದೆಯೇ ಎಂದು ಕೇಳಿ. ನನ್ನ ಮಾತೂ ಅಸ್ಪಷ್ಟ. ಚಿಕ್ಕವನಿದ್ದಾಗ ಅಪರಿಚಿತರು ನನ್ನ ಬಗ್ಗೆ ಪ್ರಶ್ನೆಯನ್ನು ನನ್ನ ತಂದೆಗೆ ಕೇಳುತ್ತಿದ್ದರು. ತಂದೆ ಪ್ರತಿ ಬಾರಿಯೂ, ಅವನನ್ನೇ ಕೇಳಿ ಎನ್ನುತ್ತಿದ್ದರು. ಇವತ್ತು ನಾನು ಉದ್ಯೋಗದಲ್ಲಿರುವುದಕ್ಕೆ ಅವರ ಆ ನಡವಳಿಕೆ ಬಹಳ ಮಟ್ಟಿಗೆ ಕಾರಣ.

ಸೆರೆಬ್ರಲ್ ಪಾಲ್ಸಿ ಇದೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪಾಲಕರು ಬೇಕಾಗುವುದಿಲ್ಲ. 18 ತುಂಬಿದವರು ತಮ್ಮ ಹೆಸರಿನಲ್ಲಿಯೇ ಖಾತೆ ತೆರೆದು ಹೆಬ್ಬೆಟ್ಟೊತ್ತಿ ವ್ಯವಹರಿಸಬಹುದು. 2016ರ ಅಧಿನಿಯಮದ 14ನೆಯ ಸೆಕ್ಷನ್ ಸೀಮಿತ ಪಾಲಕತ್ವದ ಬಗ್ಗೆ ಹೇಳುತ್ತದೆ. ಅಂದರೆ ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ, ಪಾಲಕರೂ ಆ ವ್ಯಕ್ತಿಯೂ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸುವ ವ್ಯವಸ್ಥೆ. ನಿಮ್ಮ ಸೊಸೆಗೆ ಲೆಕ್ಕ ಬಾರದೆ ಇರಬಹುದು, ಆದರೆ ತನ್ನ ಹಣ ತಾಯಿಯ ಕೈಯಲ್ಲಿರಲಿ ಎಂದು ಅವಳೇ ಹೇಳಬಲ್ಲಳಾದರೆ, ಪೂರ್ಣ ಪಾಲಕತ್ವಕ್ಕೆ ಅವಸರ ಪಡುವ ಅಗತ್ಯ ನನಗೆ ಕಾಣುವುದಿಲ್ಲ. ಮನೆ, ಹೊಲ ಅವಳ ಹೆಸರಿಗೆ ಬರುವುದಿದ್ದರೆ ಅದು ಬೇರೆ ಮಾತು. ಆಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ವಿಕಲಚೇತನರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಮಾತಿನ ಬಗ್ಗೆ: ಹೊರಗಿನವರಿಗೂ ಅರ್ಥವಾಗಲು ಚಿತ್ರ ಮತ್ತು ಅಕ್ಷರಗಳ ಫಲಕವನ್ನು ಬಳಸುವುದನ್ನು ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಪರಿಣತರಿದ್ದಾರೆ. ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರುವುದು ಸಾರ್ಥಕ. ಮುಂದೆ ಕೆಲಸ ಕಲಿಯುವ ಆಸೆ ಅವಳಿಗಿದ್ದರೆ, ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯಲ್ಲಿ ತೋಟಗಾರಿಕೆಯೂ ಸೇರಿದಂತೆ ಹಲವು ವೃತ್ತಿ ತರಬೇತಿಗಳಿವೆ. ಇಂದಿರಾನಗರದ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ವಿಶೇಷವಾಗಿ ಸೆರೆಬ್ರಲ್ ಪಾಲ್ಸಿಯವರೊಂದಿಗೇ ಕೆಲಸ ಮಾಡುತ್ತ ಬಂದಿದೆ. ದೂರವೆಂದು ಈ ಹೆಸರುಗಳನ್ನು ಬಿಟ್ಟುಬಿಡಬೇಡಿ. ನಿಮ್ಮ ಭಾಗದಲ್ಲಿ ಯಾರಿದ್ದಾರೆ ಎಂದು ಪತ್ರ ಬರೆದು ಕೇಳಬಹುದು.

ಪ್ರಶ್ನೆ ಕೇಳಿದವರು ಮತ್ತೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೂರನೆಯವರ ಮಾತು ಓದಿದ ಮೇಲೆ ಸೊಸೆಯನ್ನೇ ಕೇಳಿದೆವು. ಅವಳು ಮೊದಲು ಹೇಳಿದ್ದು ಶಾಲೆ ಎಂದು, ಎಸ್ಸೆಸ್ಸೆಲ್ಸಿ ಪಾಸಾಗಬೇಕಂತೆ. ಪ್ರೌಢಶಾಲೆಯೊಂದರಲ್ಲಿ ವಿಚಾರಿಸಿದಾಗ ವಯಸ್ಸು ಮೀರಿದೆ, ಎತ್ತಿ ಇಳಿಸುವವರಿಲ್ಲ ಎಂದು ಬಾಯಿಮಾತಿನಲ್ಲೇ ಹಿಂದಕ್ಕೆ ಕಳುಹಿಸಿದರು. ಇದಕ್ಕೆ ದಾರಿಯಿದೆಯೇ?

ಉತ್ತರ 1ರವರು ಮತ್ತೆ

ಇದೆ. 2016ರ ಅಧಿನಿಯಮದ 31ನೆಯ ಸೆಕ್ಷನ್ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವ 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ, ಇಲ್ಲವೇ ಅವಳು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಅವಳಿಗೆ ಇನ್ನೂ 18 ತುಂಬಿಲ್ಲ, ಆದ್ದರಿಂದ ಈ ವಾರವೇ ಅರ್ಜಿ ಕೊಡಿ. ಶಾಲೆಗೆ ಲಿಖಿತವಾಗಿ ಕೊಟ್ಟು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ತಲುಪಿಸಿ. ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರ ಹೆಸರು ಕೇಳಿ ಪಡೆದುಕೊಳ್ಳಿ. ಶಾಲೆಗೆ ಕರೆದೊಯ್ಯಲು ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆ, ವಿಕಲಚೇತನ ಹೆಣ್ಣುಮಕ್ಕಳಿಗೆ ಪ್ರೋತ್ಸಾಹಧನ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಲ್ಲಿ ಇವೆ. ಶಾಲೆಗೆ ಹೋಗಲು ಸಾಧ್ಯವೇ ಇಲ್ಲದವರಿಗೆ ಶಿಕ್ಷಕರು ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. ಆದರೆ ಅವಳಿಗೆ ಗೆಳತಿಯರ ನಡುವೆ ಕೂರುವ ಆಸೆಯಿದ್ದರೆ, ಎತ್ತಿ ಇಳಿಸುವವರಿಲ್ಲ ಎಂಬ ಕಾರಣಕ್ಕೆ ಮನೆಪಾಠವನ್ನು ಒಪ್ಪಿಕೊಳ್ಳಬೇಡಿ.

ತರಗತಿಗಳ ಅಂತರ ದೊಡ್ಡದೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು, ತನಗೆ ಒಗ್ಗುವ ವಿಷಯಗಳನ್ನು ಆರಿಸಿಕೊಂಡು, ಒಂದೊಂದಾಗಿ ಬರೆಯಬಹುದು. ಯಾವ ದಾರಿ ಹಿಡಿದರೂ ಬರಹಗಾರರ ಸಹಾಯ, ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳಿಗೆ ಅದೇ 2016ರ ಕಾಯ್ದೆಯ 17ನೆಯ ಸೆಕ್ಷನ್‌ನಲ್ಲಿ ಆಧಾರವಿದೆ. ಇವನ್ನು ಪರೀಕ್ಷೆಯ ಹೊತ್ತಿಗೆ ಕೇಳಿದರೆ ತಡವಾಗುತ್ತದೆ, ದಾಖಲಾತಿಯ ಸಮಯದಲ್ಲೇ ಕೇಳಿ.

ಲಿಖಿತ ಅರ್ಜಿಗೂ ಶಾಲೆ ಒಪ್ಪದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯ ಮೂಲಕವೇ ದೂರು ಕಳುಹಿಸಬಹುದು. ವಕೀಲರು ಬೇಕಿಲ್ಲ. ಸಂಬಂಧಪಟ್ಟವರನ್ನು ಕರೆಸಿ ವಿಚಾರಿಸುವ ಮತ್ತು ದಾಖಲೆ ತರಿಸಿಕೊಳ್ಳುವ, ಸಿವಿಲ್ ನ್ಯಾಯಾಲಯದಂಥ ಅಧಿಕಾರ ಅವರಿಗಿದೆ. ಅರ್ಜಿಯ ಪ್ರತಿ, ಸ್ವೀಕೃತಿ, ಹಿಂಬರಹ ಇವು ನಿಮ್ಮ ಬಳಿ ಇದ್ದರೆ ದೂರು ಗಟ್ಟಿಯಾಗುತ್ತದೆ. ಅರ್ಜಿಯ ಒಕ್ಕಣೆ ಬರೆದು ಇಲ್ಲಿ ಹಾಕಿ, ಹುಡುಗಿಯ ಹೆಸರು ಮತ್ತು ಊರನ್ನು ಬಿಟ್ಟು. ತಿದ್ದಬೇಕಾದುದಿದ್ದರೆ ನಾನು ತಿದ್ದಿಕೊಡುತ್ತೇನೆ.